ಕತ್ತಲಲ್ಲಿ ಸ್ವಿಚ್ಚು ಕೈಗೆ ಸಿಗಬೇಕು



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ರಾಜ್ಯೋತ್ಸವ, ಉಪನ್ಯಾಸ, ಶಾಲಾ ಮಕ್ಕಳಿಗೆ ಪುಸ್ತಕ ಹಂಚಿಕೆ ಇಂಥ ಸುದ್ದಿಗಳನ್ನೇ ಹಾಕುತ್ತೇವೆ. ಈ ಸಲ ಮನೆಯೊಳಗಿನ ಒಂದು ಸಣ್ಣ ಸಂಗತಿ. ಕಾರಣ ಇಷ್ಟೆ. ಮಾಧವರಂ, ಮಂತ್ರಾಲಯ, ಕೋಸಿಗಿ, ಆದೋನಿ ಕಡೆಯ ನಮ್ಮ ಸದಸ್ಯರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಮಕ್ಕಳು ಬೆಂಗಳೂರಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ, ಕೆಲವರ ಮಕ್ಕಳು ಅಮೆರಿಕದಲ್ಲಿದ್ದಾರೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಇಲ್ಲವೇ ಒಬ್ಬರೇ. ಸಂಘದ ಪರವಾಗಿ ಹಿರಿಯರನ್ನು ನೋಡಿಬರಲು ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದೇ: "ರಾತ್ರಿ ಬಚ್ಚಲಿಗೆಂದು ಎದ್ದೆ, ಸ್ವಿಚ್ಚು ಸಿಗಲಿಲ್ಲ, ದೀಪ ಹಾಕದೇ ಹೋದೆ, ಹೊಸ್ತಿಲು ಎಡವಿದೆ." ಈ ವಯಸ್ಸಿನಲ್ಲಿ ತೊಡೆಯ ಮೂಳೆ ಮುರಿದರೆ ಅದು ಬರೀ ಮೂಳೆಯ ಲೆಕ್ಕವಲ್ಲ. ಆರು ತಿಂಗಳು ಮಂಚ, ನೋಡಿಕೊಳ್ಳಲು ಒಬ್ಬರು, ಕೆಲವರಿಗೆ ಮತ್ತೆ ಮೊದಲಿನ ನಡಿಗೆ ಬರುವುದೇ ಇಲ್ಲ.

ನಮ್ಮ ಕಡೆ ಇನ್ನೊಂದು ಭಯವೂ ಇದೆ. ಕಲ್ಲು ಬಂಡೆಯ ನೆಲ, ಹಳೆಯ ಮಾಳಿಗೆ ಮನೆಯ ಸಂದು, ಹೊಲದ ಅಂಚಿನ ಹೊಸ ಬಡಾವಣೆ ಎಲ್ಲ ಕಡೆ ಬೇಸಿಗೆಯಲ್ಲಿ ಚೇಳು ಬರುತ್ತದೆ. ಮಳೆ ಬಿದ್ದರೆ ಹಾವು. ತೆಲುಗಿನವರು ಕಟ್ಲಪಾಮು ಎನ್ನುವ ಕಟ್ಟುಹಾವು ಓಡಾಡುವುದೇ ರಾತ್ರಿ ಹೊತ್ತು. ಕಾಲು ನೆಲಕ್ಕೆ ಇಡುವ ಮೊದಲು ಬೆಳಕು ಆಗಬೇಕು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಅವರ ಕಾಲದಲ್ಲಿ ಕರೆಂಟು ಇರಲಿಲ್ಲ, ಆದರೆ ಬೆಳಕು ಎಲ್ಲಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಗೋಡೆಯಲ್ಲಿ ಒಂದು ಗೂಡು, ಅದರಲ್ಲಿ ಚಿಮಣಿ, ಪಕ್ಕದಲ್ಲಿ ಕಡ್ಡಿಪೆಟ್ಟಿಗೆ. ಅವುಗಳ ಜಾಗ ಬದಲಾಯಿಸಿದವರಿಗೆ ಬೈಗುಳ ಖಾತ್ರಿ. ಕಣ್ಣು ಮುಚ್ಚಿ ಕೈ ಚಾಚಿದರೂ ಗೂಡಿನ ಅಂಚು ಸಿಗುತ್ತಿತ್ತು, ಏಕೆಂದರೆ ಅದು ಗೋಡೆಯಲ್ಲಿ ತೋಡಿದ ಗುಂಡಿ, ಕೈಗೇ ತಿಳಿಯುವಂಥದು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಕಚೇರಿಯ ಭಾಷೆ ಬದಲಾಯಿತು, ಮನೆಯ ಗೂಡು ಮಾತ್ರ ಗೂಡಾಗಿಯೇ ಉಳಿಯಿತು. ಆಮೇಲೆ ಊರೂರಿಗೆ ಕರೆಂಟು ಬಂದಾಗ ಮರದ ಹಲಗೆಯ ಮೇಲೆ ಕರಿಯ ದುಂಡು ಸ್ವಿಚ್ಚು ಕೂರಿಸಿದರು. ಬಿಳಿ ಸುಣ್ಣದ ಗೋಡೆ, ಮೇಲೆ ಕಂದು ಹಲಗೆ, ಅದರ ಮೇಲೆ ಕರಿ ಸ್ವಿಚ್ಚು. ಅರೆಬೆಳಕಿನಲ್ಲೂ ಎದ್ದು ಕಾಣುತ್ತಿತ್ತು. ಈಗಿನದು ನೋಡಿ: ಬಿಳಿ ಗೋಡೆ, ಬಿಳಿ ಪ್ಲೇಟು, ಬಿಳಿ ಸ್ವಿಚ್ಚು, ಅದೂ ಗೋಡೆಯೊಳಗೆ ಸಮವಾಗಿ ಕೂತಿರುತ್ತದೆ. ಹಗಲಲ್ಲಿ ಚೆಂದವೇ. ರಾತ್ರಿ ಅಂಗೈಯಿಂದ ಗೋಡೆ ಸವರುತ್ತ ಹೋಗಬೇಕು.

ಮೊದಲು ಕಣ್ಣಿನ ವಿಷಯ ಸ್ವಲ್ಪ. ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಿದ್ದೆಯಿಂದ ಎದ್ದವರಿಗೆ ಆ ಹೊಂದಾಣಿಕೆ ಆಗಲೇ ಆಗಿರುತ್ತದೆ, ಅದು ನಮಗೆ ಅನುಕೂಲ. ಆದರೆ ವಯಸ್ಸಾದಂತೆ ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಹುಡುಗನ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಅರವತ್ತರವರ ಒಳಪರದೆಗೆ ತಲುಪುತ್ತದೆ. ಮೊಮ್ಮಗ "ಕಾಣ್ತದಲ್ಲ ತಾತಾ" ಎಂದರೆ ಅವನಿಗೆ ಕಾಣುತ್ತದೆ, ನಮಗಲ್ಲ. ಇನ್ನೊಂದು, ಮಂದ ಬೆಳಕನ್ನು ಹಿಡಿಯುವ ಕಣಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಹಾಗಾಗಿ ಮಸುಕಾಗಿ ಹೊಳೆಯುವ ಚುಕ್ಕೆಯನ್ನು ನೇರವಾಗಿ ದಿಟ್ಟಿಸಿದರೆ ಅದು ಮಾಯವಾಗುತ್ತದೆ, ತುಸು ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಇವತ್ತು ರಾತ್ರಿಯೇ ಒಂದು ನಕ್ಷತ್ರದ ಮೇಲೆ ಪ್ರಯೋಗ ಮಾಡಬಹುದು.

ಈಗ ಉಪಾಯಗಳಿಗೆ ಬರೋಣ. ಅಂಗಡಿಗೆ ಹೋದರೆ ಮೊದಲು ತೋರಿಸುವುದು ಇಂಡಿಕೇಟರ್. ಬೋರ್ಡಿನ ಮೂಲೆಯಲ್ಲಿ ಕೆಂಪಗೆ ಉರಿಯುವ ಆ ಸಣ್ಣ ದೀಪ ಎಲ್ಲರಿಗೂ ಗೊತ್ತು. ಅದರೊಳಗೆ ಇರುವುದು ನಿಯಾನ್ ಅನಿಲ. 1898ರಲ್ಲಿ ಲಂಡನ್ನಿನಲ್ಲಿ ರ‍್ಯಾಮ್ಸೆ ಮತ್ತು ಟ್ರಾವರ್ಸ್ ಎಂಬ ಇಬ್ಬರು ಕಂಡುಹಿಡಿದ ಅನಿಲ ಇದು. ಸಣ್ಣ ಗಾಜಿನ ಕೊಳವೆಯಲ್ಲಿ ಎರಡು ತಂತಿ, ನಡುವೆ ಸ್ವಲ್ಪ ನಿಯಾನ್, ಜೊತೆಗೆ ಕರೆಂಟನ್ನು ತಡೆದು ಹಿಡಿಯುವ ಒಂದು ರೆಸಿಸ್ಟರು. ನಮ್ಮ 230 ವೋಲ್ಟಿನಲ್ಲಿ ಇದು ತಿನ್ನುವುದು ಒಂದು ವಾಟಿನ ಹತ್ತನೇ ಒಂದೆರಡು ಭಾಗ. ಹಗಲು ರಾತ್ರಿ ಉರಿದರೂ ವರ್ಷಕ್ಕೆ ಒಂದೆರಡು ಯೂನಿಟ್ ಆದೀತು. ಬಿಲ್ಲಿನ ಚಿಂತೆ ಬೇಡ.

ಆದರೆ ಕೊಳ್ಳುವಾಗ ಒಂದು ಎಚ್ಚರ ಬೇಕು. ಇಂಡಿಕೇಟರ್ ಇರುವ ಸ್ವಿಚ್ಚು ಎಂದರೆ ಎರಡು ಬಗೆ. ಒಂದು, ಗೀಸರಿಗೆ ಹಾಕುವಂಥದು, ಆನ್ ಆದಾಗ ಉರಿಯುತ್ತದೆ. ಅದು ನಮ್ಮ ಕೆಲಸಕ್ಕೆ ಪೂರಾ ಉಲ್ಟಾ. ನಮಗೆ ಬೇಕಾದ್ದು ದೀಪ ಆರಿದಾಗ ಹೊಳೆಯುವಂಥದು. ಆದೋನಿಯ ಅಂಗಡಿಯಲ್ಲಾದರೆ "ಸ್ವಿಚ್ ಆಫ್‌ಲೋ ಉನ್ನಪ್ಪುಡು ವೆಲಗಾಲಿ" ಎಂದು ತೆಲುಗಿನಲ್ಲೇ ಬಿಡಿಸಿ ಹೇಳಿ, ರಾಯಚೂರಿನಲ್ಲಾದರೆ ಕನ್ನಡದಲ್ಲಿ ಹೇಳಿ. ಅಂಗಡಿಯವನು "ಎಲ್ಲಾ ಒಂದೇ" ಎಂದರೆ ಒಪ್ಪಬೇಡಿ, ಹಾಕಿ ತೋರಿಸು ಎನ್ನಿ.

ಆಫ್ ಆದಾಗ ಹೊಳೆಯುವ ಸ್ವಿಚ್ಚಿನ ಒಳಗುಟ್ಟು ಹೀಗಿದೆ. ನಿಯಾನ್ ದೀಪವನ್ನು ಸ್ವಿಚ್ಚಿನ ಎರಡು ತುದಿಗೆ ಅಡ್ಡವಾಗಿ ಕಟ್ಟಿರುತ್ತಾರೆ. ಸ್ವಿಚ್ಚು ಆರಿದಾಗ ಚೂರು ಕರೆಂಟು ನಿಯಾನ್ ಮೂಲಕ ಹಾದು, ಬಲ್ಬಿನ ಮೂಲಕವೇ ನ್ಯೂಟ್ರಲ್ ಸೇರುತ್ತದೆ. ಸ್ವಿಚ್ಚು ಹಾಕಿದರೆ ಕರೆಂಟಿಗೆ ಸುಲಭದ ದಾರಿ ಸಿಗುತ್ತದೆ, ನಿಯಾನ್ ಆರುತ್ತದೆ. ಹಳೆಯ ಗುಂಡು ಬಲ್ಬಿನಲ್ಲಿ ಇದರಿಂದ ಏನೂ ತೊಂದರೆ ಇರಲಿಲ್ಲ. ಎಲ್‌ಇಡಿ ಬಲ್ಬು ಬಂದ ಮೇಲೆ ಮಾತ್ರ ಕೆಲವು ಮನೆಗಳಲ್ಲಿ ದೀಪ ಆರಿಸಿದರೂ ಬಲ್ಬು ಮಸುಕಾಗಿ ಉರಿಯುವುದು, ಇಲ್ಲವೇ ಆಗಾಗ ಮಿಣಕ್ ಎನ್ನುವುದು ನಡೆಯುತ್ತದೆ. ದೆವ್ವವೂ ಅಲ್ಲ, ವೈರಿಂಗ್ ಕೆಟ್ಟಿದೆ ಎಂದೂ ಅಲ್ಲ. ಆ ಚೂರು ಕರೆಂಟು ಬಲ್ಬಿನೊಳಗಿನ ಕೆಪ್ಯಾಸಿಟರನ್ನು ನಿಧಾನವಾಗಿ ತುಂಬಿಸಿ ಖಾಲಿ ಮಾಡುತ್ತಿರುತ್ತದೆ ಅಷ್ಟೆ. ಅದು ಬೇಡವಾದರೆ ಬೋರ್ಡಿನಲ್ಲಿ ಬೇರೆಯಾಗಿ ಕೂರುವ ಇಂಡಿಕೇಟರನ್ನು ಹಾಕಿಸಿ. ಅದಕ್ಕೆ ಫೇಸು, ನ್ಯೂಟ್ರಲ್ ಎರಡೂ ಪ್ರತ್ಯೇಕ, ಬಲ್ಬಿಗೂ ಅದಕ್ಕೂ ಸಂಬಂಧವಿಲ್ಲ. ಇಂಥ ಸ್ವಿಚ್ಚು ಇರುವ ಮನೆಯಲ್ಲಿ ಬಲ್ಬು ಬದಲಿಸುವಾಗ ಸ್ವಿಚ್ಚು ಆರಿದೆ ಎಂದು ನಂಬಿ ಹೋಲ್ಡರಿಗೆ ಕೈ ಹಾಕಬೇಡಿ, ಮೇನ್ ಇಳಿಸಿ.

ಇಷ್ಟಾದರೂ ನಿಯಾನಿನ ದೊಡ್ಡ ಕೊರತೆ ಹೇಳಲೇಬೇಕು. ಕರೆಂಟು ಹೋದರೆ ಅದೂ ಹೋಗುತ್ತದೆ. 2009ರ ಅಕ್ಟೋಬರ್ ಮೊದಲಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ, ಕರ್ನೂಲುಗಳಿಗೆ ನೀರು ನುಗ್ಗಿದ ದಿನಗಳನ್ನು ಕಂಡ ನಮ್ಮವರಿಗೆ ಕತ್ತಲು ಎಂದರೇನು ಎಂದು ವಿವರಿಸಬೇಕಿಲ್ಲ. ಅಷ್ಟು ದೂರ ಬೇಡ, ಬೇಸಿಗೆಯ ಒಂದು ಗಾಳಿ ಮಳೆ ಸಾಕು.

ಅದಕ್ಕೆ ಎರಡನೆಯ ಉಪಾಯ, ತಾನೇ ಹೊಳೆಯುವ ಸ್ಟಿಕ್ಕರು. ನಮ್ಮ ಕಡೆ ಇದನ್ನು "ರೇಡಿಯಂ" ಎನ್ನುತ್ತಾರೆ. ಇಲ್ಲಿಯೇ ಗೊಂದಲ. ಬಸ್ ಸ್ಟ್ಯಾಂಡಿನ ಪಕ್ಕ ಬೈಕಿನ ನಂಬರ್ ಪ್ಲೇಟಿಗೆ ಅಂಟಿಸುವ ರೇಡಿಯಂ ಇದೆಯಲ್ಲ, ಅದು ಬೆಳಕನ್ನು ಬಂದ ದಾರಿಗೇ ತಿರುಗಿಸುವ ಸ್ಟಿಕ್ಕರು. ಲಾರಿಯ ಹೆಡ್‌ಲೈಟು ಬಿದ್ದಾಗ ಮಿಂಚುತ್ತದೆ, ಬೆಳಕೇ ಇಲ್ಲದ ಕೋಣೆಯಲ್ಲಿ ಅದು ಬರೀ ಕಾಗದ. ಸ್ವಿಚ್ಚಿಗೆ ಬೇಕಾದ್ದು ಬೆಳಕನ್ನು ಕುಡಿದು ಆಮೇಲೆ ಹೊರಬಿಡುವ ಜಾತಿ. ಹಗಲಲ್ಲಿ ಅದು ಸಪ್ಪೆ ಬಿಳಿ ಅಥವಾ ತಿಳಿಹಸಿರು ಹಳದಿ, ಕತ್ತಲಲ್ಲಿ ಹಸಿರು. ಮಕ್ಕಳ ಕೋಣೆಯ ಚಾವಣಿಗೆ ಅಂಟಿಸುವ ನಕ್ಷತ್ರಗಳು ಇದೇ ಜಾತಿ. ಪರೀಕ್ಷೆ ಸುಲಭ: ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದು, ಎರಡೂ ಅಂಗೈ ಬೊಗಸೆ ಮಾಡಿ ಮುಚ್ಚಿ, ಸಂದಿನಿಂದ ಇಣುಕಿ ನೋಡಿ. ಹೊಳೆದರೆ ತನ್ನಿ.

ಹೆಸರಿಗೆ ರೇಡಿಯಂ ಎಂದರೂ ಇದರಲ್ಲಿ ರೇಡಿಯಂ ಇಲ್ಲ. ಹಿಂದೆ ಗಡಿಯಾರದ ಮುಳ್ಳಿಗೆ ನಿಜವಾದ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ ಬಳಿದ ಹೆಣ್ಣುಮಕ್ಕಳ ದವಡೆ ಕೊಳೆತು, ಎಷ್ಟೋ ಜನ ಸತ್ತರು. ಕೋರ್ಟಿಗೆ ಹೋದ ಐವರ ಮೊಕದ್ದಮೆ 1928ರಲ್ಲಿ ರಾಜಿಯಾಯಿತು. ಈಗಿನ ಸ್ಟಿಕ್ಕರಿನಲ್ಲಿರುವುದು ಹೆಚ್ಚಾಗಿ ಸ್ಟ್ರಾಂಷಿಯಂ ಅಲ್ಯುಮಿನೇಟ್ ಎಂಬ ಪುಡಿ. 1990ರ ದಶಕದಲ್ಲಿ ಜಪಾನಿನವರು ಬಳಕೆಗೆ ತಂದದ್ದು, ವಿಕಿರಣ ಇಲ್ಲ. ಹತ್ತು ಹದಿನೈದು ನಿಮಿಷ ದೀಪದ ಬೆಳಕು ಬಿದ್ದರೆ ಸಾಕು. ಮೊದಲ ಅರ್ಧ ಗಂಟೆ ಜೋರಾಗಿ ಹೊಳೆದು ಬೇಗ ಇಳಿಯುತ್ತದೆ, ಆಮೇಲೆ ಗಂಟೆಗಟ್ಟಲೆ ಮಂದವಾಗಿ ಉಳಿಯುತ್ತದೆ. ಬೆಳಗಿನ ಜಾವ ಮೂರಕ್ಕೆ ಅದು ತೀರ ಮಸುಕು. ಆದರೆ ಆ ಹೊತ್ತಿಗೆ ನಿಮ್ಮ ಕಣ್ಣೂ ಕತ್ತಲಿಗೆ ಒಗ್ಗಿರುತ್ತದೆ, ಹಸಿರು ಬಣ್ಣವನ್ನೇ ಅದು ಚೆನ್ನಾಗಿ ಹಿಡಿಯುತ್ತದೆ. ಪಕ್ಕಕ್ಕೆ ನೋಡುವ ಯುಕ್ತಿ ನೆನಪಿರಲಿ. ಸಂಜೆ ದೀಪವೇ ಹಾಕದ ಹಿತ್ತಲ ಕೋಣೆಯಲ್ಲಿ ಮಾತ್ರ ಈ ಸ್ಟಿಕ್ಕರು ದಂಡ, ಅದಕ್ಕೆ ಕುಡಿಯಲು ಬೆಳಕೇ ಇಲ್ಲ.

ಸ್ಟಿಕ್ಕರನ್ನು ಸ್ವಿಚ್ಚಿನ ಸುತ್ತ ಪ್ಲೇಟಿನ ಮೇಲೆ ಅಂಟಿಸಿ, ಸಂದು ಮುಚ್ಚದಂತೆ. ಯುಗಾದಿಗೋ ದಸರೆಗೋ ಬಣ್ಣ ಹೊಡೆಯಲು ಬಂದವರು ಅದರ ಮೇಲೆಯೇ ಕುಂಚ ಎಳೆಯುತ್ತಾರೆ, ನಿಂತು ನೋಡಿಕೊಳ್ಳಿ.

ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ನಂಬಿಕೆಯದು ಕೈ. ಕರೆಂಟಿದ್ದರೂ ಇಲ್ಲದಿದ್ದರೂ, ಕಣ್ಣು ಮಂಜಾದವರಿಗೂ, ಕಣ್ಣೇ ಇಲ್ಲದವರಿಗೂ ಕೆಲಸಕ್ಕೆ ಬರುವುದು ಅದೇ. ಆರು ಸ್ವಿಚ್ಚುಗಳ ಸಾಲಿನಲ್ಲಿ ದೀಪದ್ದು ಯಾವುದು ಎಂದು ಗುರುತಿಸಲು ಬಟ್ಟೆಯ ಸ್ಟಿಕ್ಕರ್ ಬೊಟ್ಟು ಸಾಕು. ನಮ್ಮ ಕಡೆಯ ಹೆಂಗಸರು ಕನ್ನಡಿಗೆ ಅಂಟಿಸಿಡುವ ಬೊಟ್ಟು ಬಿಳ್ಳೆಯನ್ನೇ ಒಂದು ದೀಪದ ಸ್ವಿಚ್ಚಿಗೂ ಅಂಟಿಸಿ, ಬೆರಳಿಗೆ ತರಿತರಿಯಾಗಿ ತಿಳಿಯುತ್ತದೆ. ಹರಳು, ಲೋಹ ಇರುವಂಥದು ಬೇಡ. ಬಚ್ಚಲಿನ ಸ್ವಿಚ್ಚು ಹೊರಗೆ, ಒಣ ಗೋಡೆಯ ಮೇಲೇ ಇರಲಿ. ದೀಪದ ಸ್ವಿಚ್ಚು ಎಲ್ಲ ಕೋಣೆಯಲ್ಲೂ ಸಾಲಿನ ಒಂದೇ ತುದಿಯಲ್ಲಿದ್ದರೆ ಬೊಟ್ಟೂ ಬೇಕಾಗುವುದಿಲ್ಲ. ಒಂದು ಕೋಣೆಯಲ್ಲಿ ಮೊದಲು ಫ್ಯಾನು, ಇನ್ನೊಂದರಲ್ಲಿ ಮೊದಲು ದೀಪ ಇದ್ದರೆ ತಂತಿ ಅದಲು ಬದಲು ಮಾಡಿಸುವುದು ಎಲೆಕ್ಟ್ರಿಷಿಯನ್ನಿಗೆ ಅರ್ಧ ಗಂಟೆಯ ಕೆಲಸ. ನಮ್ಮಲ್ಲಿ ಕೆಳಗೆ ಒತ್ತಿದರೆ ಆನ್, ಅಮೆರಿಕದಲ್ಲಿ ಮೇಲೆ ಒತ್ತಿದರೆ. ಮಕ್ಕಳ ಮನೆಗೆ ಆರು ತಿಂಗಳು ಹೋಗಿಬಂದವರು ಕತ್ತಲಲ್ಲಿ ಇಲ್ಲಿಯೂ ಸ್ವಿಚ್ಚನ್ನು ಮೇಲೆ ತಳ್ಳುತ್ತ ನಿಂತರೆ ನಗಬೇಡಿ.

ಹೊಸ ಮನೆ ಕಟ್ಟುವವರಿಗೆ ಎರಡು ಮಾತು. ಸ್ವಿಚ್ಚುಬೋರ್ಡು ಬಾಗಿಲು ತೆರೆಯುವ ಕಡೆ ಇರಬೇಕು, ಬಾಗಿಲ ರೆಕ್ಕೆಯ ಹಿಂದೆ ಅಲ್ಲ. ಮೊಣಕೈಗಿಂತ ತುಸು ಮೇಲೆ, ಎಲ್ಲ ಕೋಣೆಯಲ್ಲೂ ಒಂದೇ ಎತ್ತರ. ಮತ್ತೆ ಮಲಗುವ ಕೋಣೆಗೆ ಟೂ-ವೇ ಹಾಕಿಸಲೇಬೇಕು: ಬಾಗಿಲಲ್ಲಿ ಒಂದು ಸ್ವಿಚ್ಚು, ಮಂಚದ ತಲೆದಿಂಬಿನ ಬಳಿ ಒಂದು, ಯಾವುದರಿಂದಲಾದರೂ ಅದೇ ದೀಪ ಹಾಕಬಹುದು, ಆರಿಸಬಹುದು. ಮಹಡಿ ಮೆಟ್ಟಿಲಿಗೆ ಮಾಡುವ ವೈರಿಂಗೇ ಇದು, ಎರಡು ಸ್ವಿಚ್ಚುಗಳ ನಡುವೆ ಹೆಚ್ಚಿನ ತಂತಿ ಬೇಕು ಅಷ್ಟೆ. ಗೋಡೆ ಗಾರೆ ಆಗುವ ಮೊದಲು ಹೇಳಿದರೆ ಖರ್ಚು ಅತ್ಯಲ್ಪ, ಆಮೇಲೆ ಗೋಡೆ ಕೊರೆಯಬೇಕು. ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ, ಒದ್ದೆ ಕೈಯ ಶಾಕಿಗೆ ಅದು ತಡೆ.

ಇರುವ ಮನೆಯಲ್ಲಿ ಗೋಡೆ ಕೊರೆಯಲು ಮನಸ್ಸಿಲ್ಲದವರು ಬಚ್ಚಲ ದಾರಿಗೆ ಒಂದು ಪುಟ್ಟ ರಾತ್ರಿ ದೀಪ ಹಾಕಿಬಿಡಿ. ನಮ್ಮ ಕಾಲದ ಜೀರೋ ಬಲ್ಬು ಹೆಸರಿಗೆ ಜೀರೋ, ತಿನ್ನುತ್ತಿದ್ದುದು ಹನ್ನೆರಡು ಹದಿನೈದು ವಾಟು. ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ ಮೂರು ಮೂರೂವರೆ ಯೂನಿಟ್. ಈಗಿನ ಅರ್ಧ ವಾಟಿನ ಎಲ್‌ಇಡಿ ಅಷ್ಟೇ ಹೊತ್ತು ಉರಿದರೆ ಒಂದು ಯೂನಿಟ್ ಆಗಲು ಎಂಟು ತಿಂಗಳು ಬೇಕು. ಕರೆಂಟು ಹೋದ ರಾತ್ರಿಗೆ ದಿಂಬಿನ ಪಕ್ಕ ಟಾರ್ಚು, ಅದೂ ಪ್ರತಿದಿನ ಒಂದೇ ಜಾಗದಲ್ಲಿ, ಗೂಡಿನ ಕಡ್ಡಿಪೆಟ್ಟಿಗೆಯ ಹಾಗೆ.

ಸರಿಯಾದ ಸ್ಟಿಕ್ಕರು ಸಿಗದ ಸದಸ್ಯರು ಸಂಘದ ಕಚೇರಿಗೆ ತಿಳಿಸಿದರೆ ಮುಂದಿನ ಸಭೆಯ ಹೊತ್ತಿಗೆ ತರಿಸಿಡುತ್ತೇವೆ. ಒಬ್ಬರೇ ಇರುವ ಹಿರಿಯರ ಮನೆಗೆ ನಮ್ಮ ಹುಡುಗರೇ ಬಂದು ಅಂಟಿಸಿಕೊಡುತ್ತಾರೆ. ತಂತಿಯ ಕೆಲಸವನ್ನು ಮಾತ್ರ ಅವರಿಂದ ಮಾಡಿಸಬೇಡಿ, ಅದಕ್ಕೆ ಬಲ್ಲ ಎಲೆಕ್ಟ್ರಿಷಿಯನ್ನನ್ನೇ ಕರೆಸಿ.