ತೋರುಬೆರಳಿಗೆ ಶೇ 14

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಬೀದಿಯ ಹೊಸ ಮನೆಯೊಂದರಲ್ಲಿ ಬೆಳಗಿನಿಂದ ಪ್ಲೈವುಡ್ ಕೊಯ್ಯುವ ಸದ್ದು. ಮಧ್ಯಾಹ್ನ ಅದು ತಟ್ಟನೆ ನಿಂತಿತು. ಹೊರಗೆ ಬಂದು ನೋಡಿದರೆ ಬಡಗಿಯ ಎಡಗೈಗೆ ಟವೆಲ್ ಸುತ್ತಿ ಆಟೊ ಹತ್ತಿಸುತ್ತಿದ್ದರು. ತೋರುಬೆರಳು ಬುಡದಿಂದ ಹೋಗಿತ್ತು. ಯಾರೋ ಪುಣ್ಯಾತ್ಮ ಅದನ್ನು ಹುಡುಕಿ, ಟಿಫಿನ್ ಡಬ್ಬಿಯಲ್ಲಿ ಐಸ್ ಹಾಕಿ, ಅದರ ಮೇಲೆಯೇ ಇಟ್ಟು ಕೊಟ್ಟಿದ್ದ.

ಅವನ ಕೈಯಲ್ಲಿದ್ದದ್ದು ನಾಲ್ಕಿಂಚಿನ ಗ್ರೈಂಡರ್. ಕಬ್ಬಿಣ ಉಜ್ಜಲು ಮಾಡಿದ ಯಂತ್ರ, ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ. ಅದಕ್ಕೆ ಹಲ್ಲಿರುವ ಮರದ ಬ್ಲೇಡ್ ಹಾಕಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಹಾಗೆ ಹಾಕುವಾಗ ಮೊದಲು ಕಳಚಿ ಬೀಳುವುದು ಗಾರ್ಡ್. ‘ಗಾರ್ಡ್ ಇದ್ರೆ ಗೆರೆ ಕಾಣಲ್ಲ ಸಾರ್’ ಎನ್ನುತ್ತಾರೆ. ಗಂಟಿಗೋ ಮೊಳೆಗೋ ಬ್ಲೇಡಿನ ಹಲ್ಲು ಸಿಕ್ಕಿದರೆ ಮಷೀನು ಹಿಂದಕ್ಕೆ ಒದೆಯುತ್ತದೆ. ಕೈ ಎಳೆದುಕೊಳ್ಳೋಣ ಎಂದು ಮನಸ್ಸಿಗೆ ಹೊಳೆಯುವ ಮೊದಲೇ ಎಲ್ಲ ಮುಗಿದಿರುತ್ತದೆ. ಬಟ್ಟೆಯ ಕೈಗವಸು ಕಾಪಾಡುತ್ತದೆ ಎಂಬುದೂ ಭ್ರಮೆ. ಅದರ ಎಳೆ ಸಿಕ್ಕಿದರೆ ಬ್ಲೇಡು ಕೈಯನ್ನೇ ಒಳಗೆಳೆಯುತ್ತದೆ.

ಆ ಟಿಫಿನ್ ಡಬ್ಬಿಯ ಬಗ್ಗೆ ಹೇಳಲೇಬೇಕು. ತುಂಡಾದ ಬೆರಳು ನೇರ ಐಸಿಗೆ ತಾಗಿದರೆ ಅದರ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ನುಸುಳದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸು ಬೆರೆಸಿದ ನೀರಿನಲ್ಲಿಡಬೇಕು. ಬೆರಳಿನಲ್ಲಿ ಮಾಂಸಖಂಡವಿಲ್ಲ, ಹೀಗೆ ತಂಪಾಗಿಟ್ಟರೆ 12 ಗಂಟೆ ಕಳೆದ ಮೇಲೂ ಜೋಡಿಸಿದ್ದುಂಟು. ಜಪಾನಿನ ನಾರಾದಲ್ಲಿ ಕೊಮಾತ್ಸು, ತಮಾಯಿ ಎಂಬ ವೈದ್ಯರು ಪೂರ್ತಿ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದಡಿ ಮತ್ತೆ ಹೊಲಿದದ್ದು 1965ರಲ್ಲಿ. ನಮ್ಮ ಬೀದಿಯವರಿಗೆ, ನನ್ನನ್ನೂ ಸೇರಿಸಿ, ಈ ಚೀಲದ ವಿಷಯ ಅಂದು ಗೊತ್ತಿರಲಿಲ್ಲ. ವೈದ್ಯರು ಗಾಯ ಮುಚ್ಚಿ ಹೊಲಿದು ಕಳಿಸಿದರು.

ಗಾಯ ಮೂರು ವಾರಕ್ಕೆ ಮಾಗಿತು. ಕೈ ಮಾಗಲಿಲ್ಲ. ಬಡಗಿಗೆ ಸುತ್ತಿಗೆ ಬಲಗೈಯದು, ಉಳಿ ಎಡಗೈಯದು. ತೋರುಬೆರಳಿಲ್ಲದ ಹಿಡಿತದಲ್ಲಿ ಪ್ರತಿ ಏಟಿಗೂ ಉಳಿ ತಿರುಚಿಕೊಳ್ಳುತ್ತದೆ. ಸಣ್ಣ ಮೊಳೆ ನಿಲ್ಲಿಸಲು ಈಗ ನಡುಬೆರಳು ಹೊಸದಾಗಿ ಕಲಿಯಬೇಕು. ಡಿಸೆಂಬರಿನ ಚಳಿಗೆ ಮೊಂಡು ಜುಮ್ಮೆನ್ನುತ್ತದೆ. ‘ಇಲ್ಲದ ಬೆರಳು ಕೆರೀತದೆ, ಎಲ್ಲಿ ಕೆರ್ಕೊಳ್ಳಲಿ?’ ಎಂದು ಒಮ್ಮೆ ನಕ್ಕ. ನನಗೆ ನಗು ಬರಲಿಲ್ಲ.

ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯಲ್ಲಿ ಬೆರಳುಗಳದೊಂದು ದರಪಟ್ಟಿಯಿದೆ. ಗಳಿಕೆಯ ಶಕ್ತಿ ಎಷ್ಟು ಕುಂದಿತು ಎಂಬ ಲೆಕ್ಕ: ಹೆಬ್ಬೆರಳಿಗೆ ಶೇ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಅಥವಾ ಕಿರುಬೆರಳಿಗೆ 7. ಎಷ್ಟೇ ದುಡಿಯುತ್ತಿರಲಿ, ತಿಂಗಳಿಗೆ 15,000 ರೂಪಾಯಿ ಮೀರಿದ್ದು ಲೆಕ್ಕಕ್ಕಿಲ್ಲ. ಅದರ ಶೇ 60, ಅಂದರೆ 9,000. ಮೂವತ್ತರ ಪ್ರಾಯಕ್ಕೆ ಅದನ್ನು 207.98ರಿಂದ ಗುಣಿಸಿ, ಅದರಲ್ಲಿ ಶೇ 14 ತೆಗೆದರೆ ಸುಮಾರು 2,62,000 ರೂಪಾಯಿ. ನಮ್ಮ ಬಡಗಿಗೆ ಆಗ ಸರಿಯಾಗಿ ಮೂವತ್ತು.

ಸಿಕ್ಕಿದ್ದು ಆಸ್ಪತ್ರೆಯ ಬಿಲ್ಲು, ಮೇಲೆ ಹತ್ತು ಸಾವಿರ. ಗುತ್ತಿಗೆದಾರ ಕೆಟ್ಟವನೇನಲ್ಲ, ಹಣ್ಣು ಹಿಡಿದು ನೋಡಲೂ ಬಂದಿದ್ದ. ಆದರೆ ದಿನಗೂಲಿಯ ನಗದಿಗೆ ರಸೀದಿಯಿಲ್ಲ, ಹೆಸರು ಬರೆದ ಪುಸ್ತಕವಿಲ್ಲ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ‘ನಾಳೆ ಕೆಲ್ಸ ಕೊಡೋರು ಅವರೇ ಅಲ್ವಾ’ ಎಂದು ಇವನು ಹಾಕಲಿಲ್ಲ.

ಹಾಕಿದವರೂ ಇದ್ದಾರೆ. ಚಿತ್ರಮಂದಿರವೊಂದರ ಅಲಂಕಾರದ ಕೆಲಸದಲ್ಲಿ ಬಿದ್ದು ಮೊಣಕೈ ಮೇಲಿನವರೆಗೆ ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅದು ಭಾಗಶಃ ಊನವಷ್ಟೇ ಎಂಬುದು ಮಾಲೀಕನ ವಾದ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಹಾಗಾಗಿ ಇದು ಪೂರ್ಣ ಊನವೇ ಎಂದು ನ್ಯಾಯಾಲಯ 1975ರ ಡಿಸೆಂಬರಿನಲ್ಲಿ ಹೇಳಿತು. ಪಟ್ಟಿಗಿಂತ ಕಸುಬನ್ನು ನೋಡಿದ ತೀರ್ಪು ಅದು.

ನಿಮ್ಮ ಮನೆಯಲ್ಲೂ ಮರಗೆಲಸ ನಡೆಯುತ್ತಿದ್ದರೆ ಎರಡು ಮಾತು ಕೇಳಿ: ಗ್ರೈಂಡರಿನ ಗಾರ್ಡ್ ಎಲ್ಲಿ, ಕೆಲಸದವರ ಹೆಸರು ಬರೆದ ಪುಸ್ತಕ ಎಲ್ಲಿ. ಕಪಾಟಿನ ಬಣ್ಣದ ಬಗ್ಗೆ ಹತ್ತು ಸಲ ಕೇಳುತ್ತೀರಲ್ಲ, ಇದನ್ನೂ ಕೇಳಿ.