ಬಳೆಯ ಗಾಜು, ಮರಿಯ ಕಣ್ಣು

ಹೊಸದುರ್ಗದ ಮತ್ತೋಡಿನಲ್ಲಿ ಹಿಂದೆ ಏನು ಮಾಡ್ತಿದ್ರು, ಗೊತ್ತಾ?
ಗಾಜು. ಬಳೆಗೆ.
1800–01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್
ಆ ಕಸುಬನ್ನು ಬರೆದಿಟ್ಟಿದ್ದಾನೆ.
ಚೌಳು, ಬೆಣಚುಕಲ್ಲಿನ ಪುಡಿ, ಕುಲುಮೆಯ ಬೆಂಕಿ.

ಈಗ ಕಾವಿಗೆ ಕೂತ ಕೋಳಿಯ ಕೆಳಗೆ ಬನ್ನಿ.
ಅಲ್ಲೂ ಒಂದು ಗಾಜು ತಯಾರಾಗ್ತಿದೆ.
ಬೆಂಕಿ ಇಲ್ಲ, ಬರೀ ಮೈಬಿಸಿ.
ಅದು ಮರಿಯ ಕಣ್ಣಿನ ಮಸೂರ!

ಕಾವು ಒಟ್ಟು 21 ದಿನ.
ಎರಡನೇ ದಿನವೇ,
ಮಿದುಳಿನಿಂದ ಉಬ್ಬಿದ ಗುಳ್ಳೆಯೊಂದು
ಹೊರಪದರಕ್ಕೆ ತಾಗುತ್ತೆ.
ತಾಗಿದ ಜಾಗ ದಪ್ಪಗಾಗಿ, ಒಳಕ್ಕೆ ಕುಸಿದು,
ಮೂರನೇ ದಿನದ ಹೊತ್ತಿಗೆ ಪುಟ್ಟ ಚೀಲ.

ಚೀಲದ ಕೋಶಗಳು ಉದ್ದುದ್ದ ನಾರಾಗ್ತವೆ.
ಬೆಳಕಿಗೆ ಅಡ್ಡ ಬರಬಾರದಲ್ಲ?
ನಡುವಿನ ನಾರುಗಳು ಮುಂದೆ ನ್ಯೂಕ್ಲಿಯಸ್ಸನ್ನೇ ಬಿಟ್ಟುಕೊಡ್ತವೆ.
ಮಸೂರದೊಳಗೆ ರಕ್ತನಾಳ ಒಂದೂ ಇಲ್ಲ.

ಮತ್ತೆ ಬದುಕೋದು ಹೇಗೆ?

ವಠಾರದಲ್ಲಿ ಗೋಡೆಯ ಕಿಂಡಿಯಿಂದ
ಪಕ್ಕದ ಮನೆಯ ಹೆಪ್ಪು ಈಸ್ಕೊಳ್ತೀವಲ್ಲ, ಹಾಗೆ.
ಕೋಶದಿಂದ ಕೋಶಕ್ಕೆ ಕಿಂಡಿ.
ಹೆಸರು ಗ್ಯಾಪ್ ಜಂಕ್ಷನ್.
ಈ ಮನೆಯ ಆರು, ಆ ಮನೆಯ ಆರು,
12 ಕನೆಕ್ಸಿನ್ ಪ್ರೋಟೀನ್ ಕೂಡಿದರೆ ಒಂದು ಕೊಳವೆ.
ಸಣ್ಣ ಅಣು ದಾಟುತ್ತೆ,
ದೊಡ್ಡ ಪ್ರೋಟೀನ್ ದಾಟಲ್ಲ.
ಹೆಪ್ಪು ಬರುತ್ತೆ, ಹಂಡೆ ಬರಲ್ಲ!

ಕೋಳಿಮರಿಯ ಮಸೂರದಲ್ಲಿ ಈ ಕಿಂಡಿಗಳು ಎಷ್ಟು ದಟ್ಟ ಅಂದ್ರೆ,
ವಿಜ್ಞಾನಿಗಳು ಇವತ್ತಿಗೂ ಅಲ್ಲೇ ಇಣುಕ್ತಾರೆ.
ಯಾಕಂದ್ರೆ ನಮ್ಮ ಮಸೂರದಲ್ಲೂ ಇರೋದು ಇಂಥವೇ.
ಕನೆಕ್ಸಿನ್ ಜೀನ್ ಕೆಟ್ಟ ಕೆಲವು ಮಕ್ಕಳಿಗೆ
ಹುಟ್ಟುತ್ತಲೇ ಕಣ್ಣಲ್ಲಿ ಪೊರೆ.