ಯೋಧನ ನಿಷ್ಠೆಯೂ ಅವನ ವಿನಾಶವೂ

ನಿಷ್ಠೆಯು ಯೋಧನಿಗೆ ಭೂಷಣವೆಂದು ನಾವೆಲ್ಲರೂ ಓದಿಕೊಂಡು ಬಂದಿದ್ದೇವೆ. ಉಂಡ ಅನ್ನದ ಋಣವನ್ನು ಪ್ರಾಣವನ್ನಿತ್ತಾದರೂ ತೀರಿಸಬೇಕೆಂಬ ಧರ್ಮಕ್ಕೆ ನಮ್ಮ ಹಿರಿಯರು ಜೋಳವಾಳಿ ಎಂದು ಹೆಸರಿಟ್ಟಿದ್ದರು. ಆದರೆ ಅದೇ ನಿಷ್ಠೆಯು ವಿವೇಕವನ್ನು ಮೀರಿ ನಿಂತಾಗ, ಇಲ್ಲವೆ ಯಾವುದೋ ಒಂದು ಸಿದ್ಧಾಂತವು ವಿವೇಕದ ಸ್ಥಾನವನ್ನೇ ಆಕ್ರಮಿಸಿದಾಗ, ಯೋಧನ ಗತಿ ಏನಾಗುವುದು? ಈ ಪ್ರಶ್ನೆಗೆ ಕಾವ್ಯ ಕಾದಂಬರಿಗಳು ಬಹು ಸ್ಪಷ್ಟವಾದ ಉತ್ತರವನ್ನು ಕೊಡುತ್ತವೆ. ಏಕೆಂದರೆ ಅವು ಯೋಧನ ಮನಸ್ಸನ್ನು ಹೊಕ್ಕು ನೋಡಬಲ್ಲವು.

ಮೊದಲು ನಮಗೆ ಪರಿಚಿತನಾದ ಕರ್ಣನನ್ನು ನೆನೆಯೋಣ. ಕ್ರಿ. ಶ. 941ರಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ವರ್ಣಿಸಿದ ಆ ಕವಿಯೂ ಅರ್ಜುನನ ಎದುರಾಳಿಯಾದ ಕರ್ಣನನ್ನು ಮನಸಾರೆ ಕೊಂಡಾಡದಿರಲಾರದೆ ಹೋದನು. ತಾನು ಕುಂತಿಯ ಮಗನೆಂಬುದು ತಿಳಿದ ಮೇಲೂ ಕರ್ಣನು ದುರ್ಯೋಧನನನ್ನು ಬಿಡಲಿಲ್ಲ. ಲೋಕವೆಲ್ಲ ಕುಲವನ್ನೆತ್ತಿ ಹಂಗಿಸಿದಾಗ ಅಂಗರಾಜ್ಯವನ್ನಿತ್ತು ಮಾನವನ್ನುಳಿಸಿದವನು ದುರ್ಯೋಧನನೇ ಅಲ್ಲವೆ? ಕರ್ಣನು ಎಲ್ಲವನ್ನೂ ತಿಳಿದು, ತೂಗಿ ನೋಡಿ, ಸಾವಿನ ದಾರಿಯನ್ನೇ ಆರಿಸಿಕೊಂಡನು. ಇದು ಕಣ್ತೆರೆದು ನಡೆದವನ ದುರಂತ.

ಕಣ್ಣು ಕಟ್ಟಿಸಿಕೊಂಡು ನಡೆದವನ ದುರಂತವು ಇದಕ್ಕಿಂತ ಬೇರೆಯಾದುದು. ಅದನ್ನು ಚಿತ್ರಿಸಿದವನು ಜರ್ಮನಿಯ ಲೇಖಕನಾದ ಎರಿಖ್ ಮರಿಯಾ ರೆಮಾರ್ಕ್. 1898ರಲ್ಲಿ ಹುಟ್ಟಿದ ಈತನು ಹದಿನೆಂಟರ ಹರೆಯದಲ್ಲಿ ಸೈನ್ಯಕ್ಕೆ ಸೇರಿಸಲ್ಪಟ್ಟು, 1917ರಲ್ಲಿ ಗುಂಡಿನ ಚೂರುಗಳಿಂದ ಗಾಯಗೊಂಡವನು. 1929ರಲ್ಲಿ ಪುಸ್ತಕರೂಪವಾಗಿ ಹೊರಬಂದ ಈತನ ಕಾದಂಬರಿಯು ಇಂಗ್ಲಿಷಿನಲ್ಲಿ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂದು ಪ್ರಸಿದ್ಧವಾಗಿದೆ.

ಈ ಕಥೆಯ ಮೂಲವು ರಣರಂಗದಲ್ಲಿಲ್ಲ, ಶಾಲೆಯ ಕೊಠಡಿಯಲ್ಲಿದೆ. ವಿದ್ಯಾರ್ಥಿಗಳಾದ ನೀವು ಇದನ್ನು ವಿಶೇಷವಾಗಿ ಗಮನಿಸಬೇಕು. ಕಾಂಟೊರೆಕ್ ಎಂಬ ಉಪಾಧ್ಯಾಯನು ದೇಶಭಕ್ತಿಯ ಭಾಷಣಗಳನ್ನು ಮಾಡಿ ಮಾಡಿ, ಕೊನೆಗೆ ತರಗತಿಯ ಹುಡುಗರನ್ನೆಲ್ಲ ಸೈನ್ಯದ ಕಚೇರಿಗೆ ತಾನೇ ಕರೆದೊಯ್ಯುತ್ತಾನೆ. ಕಥಾನಾಯಕನಾದ ಪಾಲ್ ಬಾಯ್ಮರ್ ಆ ಹುಡುಗರಲ್ಲೊಬ್ಬ. ಬೇಮ್ ಎಂಬವನಿಗೆ ಮಾತ್ರ ಹೋಗಲು ಮನಸ್ಸಿರಲಿಲ್ಲ. ಆದರೆ ಹೆತ್ತವರೂ ‘ಹೇಡಿ’ ಎನ್ನಲು ಸಿದ್ಧರಾಗಿದ್ದ ಆ ಕಾಲದಲ್ಲಿ ಒಲ್ಲೆನೆನ್ನುವ ಧೈರ್ಯ ಅವನಿಗೆ ಬರಲಿಲ್ಲ. ಮೊದಲು ಮಡಿದವರಲ್ಲಿ ಅವನೂ ಒಬ್ಬನಾದನು.

ಸಿದ್ಧಾಂತವು ಯೋಧನನ್ನು ಹೇಗೆ ಕೆಡಿಸುತ್ತದೆಂಬುದನ್ನು ರೆಮಾರ್ಕನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿದ್ದಾನೆ. ಮೊದಲನೆಯದಾಗಿ, ದೊಡ್ಡ ಮಾತುಗಳು ಸ್ವಂತ ಯೋಚನೆಯ ಜಾಗವನ್ನು ಕಬಳಿಸುತ್ತವೆ. ಎರಡನೆಯದಾಗಿ, ಕವಾಯತು ಅವನ ವ್ಯಕ್ತಿತ್ವವನ್ನು ಅಳಿಸುತ್ತದೆ. ನಿನ್ನೆಯವರೆಗೆ ಅಂಚೆಯವನಾಗಿದ್ದ ಹಿಮ್ಮೆಲ್‌ಷ್ಟೋಸ್ ಇಂದು ಅಧಿಕಾರದ ಬಲದಿಂದ ಹುಡುಗರನ್ನು ಗೋಳುಹೊಯ್ದುಕೊಳ್ಳುತ್ತಾನೆ. ಮೂರನೆಯದಾಗಿ, ಮನುಷ್ಯನ ಬೆಲೆಯೇ ಇಳಿದುಹೋಗುತ್ತದೆ. 150 ಜನರಿಗೆಂದು ಬೇಯಿಸಿದ ಅಡಿಗೆಯನ್ನು ಉಣ್ಣಲು 80 ಜನ ಮಾತ್ರ ಹಿಂದಿರುಗಿದಾಗ, ಉಳಿದವರಿಗೆ ಹೊಟ್ಟೆತುಂಬ ಊಟ ಸಿಕ್ಕಿತೆಂಬ ಸಂತೋಷವೇ ಮುಂದಾಗುತ್ತದೆ. ಕಾಲು ಕತ್ತರಿಸಲ್ಪಟ್ಟು ಸಾಯುತ್ತಿರುವ ಕೆಮ್ಮೆರಿಖನ ಒಳ್ಳೆಯ ಬೂಟುಗಳು ತನಗೆ ಬೇಕೆಂದು ಗೆಳೆಯನಾದ ಮ್ಯೂಲರ್ ಹಾಸಿಗೆಯ ಬಳಿಯಲ್ಲೇ ಯೋಚಿಸುತ್ತಾನೆ. ಅವನು ದುಷ್ಟನಲ್ಲ, ರಣರಂಗದಲ್ಲಿ ಒಳ್ಳೆಯ ಬೂಟುಗಳು ದುರ್ಲಭ.

ಸಿದ್ಧಾಂತದ ಭ್ರಮೆ ಬೇಗನೆ ಹರಿಯುತ್ತದೆ. ಹಾಗಾದರೆ ಪಾಲನು ಏಕೆ ನಿಲ್ಲುತ್ತಾನೆ? ಓಡಿಹೋದವನಿಗೆ ಕಠಿಣ ಶಿಕ್ಷೆಯುಂಟೆಂಬುದು ನಿಜ. ಆದರೆ ಅಷ್ಟೇ ಬಲವಾದ ಇನ್ನೊಂದು ಕಾರಣವುಂಟು: ಅದೇ ಸಂಗಡಿಗರ ಮೇಲಿನ ನಿಷ್ಠೆ. ರಜೆಯಲ್ಲಿ ಮನೆಗೆ ಬಂದಾಗ ತನ್ನ ಪ್ರೀತಿಯ ಪುಸ್ತಕಗಳು ಅವನೊಡನೆ ಮಾತನಾಡುವುದಿಲ್ಲ. ಯಾವ ಯಾವ ಪ್ರದೇಶವನ್ನು ಗೆದ್ದುಕೊಳ್ಳಬೇಕೆಂದು ಊರ ಹಿರಿಯರು ಅವನಿಗೇ ಪಾಠ ಹೇಳುತ್ತಾರೆ. ಕಾಯಿಲೆಯ ತಾಯಿಯೊಬ್ಬಳನ್ನುಳಿದು ಆ ಊರು ಅವನಿಗೆ ಪರಕೀಯವಾಗುತ್ತದೆ. ಸಿದ್ಧಾಂತವು ಅವನನ್ನು ಕಂದಕಕ್ಕೆ ಕಳುಹಿಸಿತು. ನಿಷ್ಠೆಯು ಅಲ್ಲಿಯೇ ಕಟ್ಟಿಹಾಕಿತು.

ಒಂದು ರಾತ್ರಿ ಗುಂಡು ಬಿದ್ದ ಹಳ್ಳದಲ್ಲಿ ಅಡಗಿದ್ದ ಪಾಲನ ಮೇಲೆ ಒಬ್ಬ ಫ್ರೆಂಚ್ ಸೈನಿಕನು ಬೀಳುತ್ತಾನೆ. ಪಾಲನು ಯೋಚಿಸುವ ಮುನ್ನವೇ ಇರಿಯುತ್ತಾನೆ. ಆ ಮನುಷ್ಯನು ಸಾಯುವುದು ಮರುದಿನ ಮಧ್ಯಾಹ್ನ. ಅಷ್ಟು ಹೊತ್ತೂ ಪಾಲನು ಅವನ ಪಕ್ಕದಲ್ಲಿರಬೇಕಾಗುತ್ತದೆ. ಸತ್ತವನ ಜೇಬಿನಲ್ಲಿ ಹೆಂಡತಿಯ ಮತ್ತು ಚಿಕ್ಕ ಮಗಳ ಭಾವಚಿತ್ರಗಳು ಸಿಗುತ್ತವೆ. ಅವನು ಮುದ್ರಣಾಲಯದ ಕೆಲಸಗಾರನೆಂದು ತಿಳಿಯುತ್ತದೆ. ಅದುವರೆಗೆ ‘ಶತ್ರು’ ಎಂಬ ಒಂದು ಶಬ್ದವಾಗಿದ್ದವನು ಆಗ ಮನುಷ್ಯನಾಗುತ್ತಾನೆ. ಪಾಲನು ಪಶ್ಚಾತ್ತಾಪದಿಂದ ಏನೇನೋ ಪ್ರತಿಜ್ಞೆ ಮಾಡುತ್ತಾನೆ. ಆದರೆ ಸಂಗಡಿಗರನ್ನು ಸೇರಿದ ಕೂಡಲೇ ಅವರು ಸಮಾಧಾನ ಹೇಳುತ್ತಾರೆ, ಅವನೂ ಸಮಾಧಾನಗೊಳ್ಳುತ್ತಾನೆ! ನಿಷ್ಠೆಯ ಅತ್ಯಂತ ಭೀಕರವಾದ ಮುಖವು ನಮಗೆ ಕಾಣುವುದು ಇಲ್ಲಿಯೇ. ಅವರ ಪ್ರೀತಿ ನಿಜವಾದುದು. ಆದರೆ ಎಚ್ಚತ್ತ ಅಂತಃಕರಣವನ್ನು ಮತ್ತೆ ಮಲಗಿಸಿದುದೂ ಆ ಪ್ರೀತಿಯೇ.

ಗೆಳೆಯರು ಒಬ್ಬೊಬ್ಬರಾಗಿ ಮಡಿಯುತ್ತಾರೆ. ಅತ್ಯಂತ ಆಪ್ತನಾದ ಕಾಚಿನ್‌ಸ್ಕಿಯು ಪಾಲನು ಹೊತ್ತೊಯ್ಯುತ್ತಿರುವಾಗ ಅವನ ಬೆನ್ನಿನ ಮೇಲೆಯೇ ಅಸುನೀಗುತ್ತಾನೆ. 1918ರ ಅಕ್ಟೋಬರಿನಲ್ಲಿ, ಯುದ್ಧವು ನಿಲ್ಲಲು ಕೆಲವೇ ವಾರಗಳಿರುವಾಗ, ಪಾಲನೂ ಬೀಳುತ್ತಾನೆ. ಆವರೆಗೆ ತನ್ನ ಕಥೆಯನ್ನು ತಾನೇ ಹೇಳುತ್ತಿದ್ದವನ ದನಿ ಅಲ್ಲಿ ನಿಂತು, ಬೇರೊಬ್ಬರು ಅವನ ಸಾವನ್ನು ಕೆಲವೇ ಸಾಲುಗಳಲ್ಲಿ ತಿಳಿಸುತ್ತಾರೆ. ಆ ದಿನದ ಸೈನ್ಯದ ವರದಿಯಲ್ಲಿ ವಿಶೇಷವೇನೂ ಇರಲಿಲ್ಲ.

1933ರ ಮೇ 10ರಂದು ನಾಟ್ಸಿಗಳು ಈ ಪುಸ್ತಕವನ್ನು ಬೆಂಕಿಗೆ ಹಾಕಿದರು. 1938ರಲ್ಲಿ ಲೇಖಕನ ಪೌರತ್ವವನ್ನು ಕಸಿದುಕೊಂಡರು. ಇನ್ನೊಂದು ಪೀಳಿಗೆಯನ್ನು ಯುದ್ಧಕ್ಕೆ ಅಣಿಗೊಳಿಸುತ್ತಿದ್ದವರಿಗೆ ಇಂಥ ಕಥೆಯು ಸಹ್ಯವಾಗುವುದಾದರೂ ಹೇಗೆ?

ಸೈನಿಕ ವೃತ್ತಿಯನ್ನು ಹಳಿಯುವುದಾಗಲಿ, ನಿಷ್ಠೆಯನ್ನು ಜರೆಯುವುದಾಗಲಿ ನಮ್ಮ ಉದ್ದೇಶವಲ್ಲ. ಕರ್ಣನು ಪ್ರಶ್ನಿಸಿದನು, ತೂಗಿದನು, ಬಳಿಕ ಆರಿಸಿಕೊಂಡನು. ಅವನ ಸಾವಿನಲ್ಲಿಯೂ ಅವನದೆಂಬ ಘನತೆಯೊಂದು ಉಳಿಯಿತು. ಪಾಲನಿಗೂ ಬೇಮನಿಗೂ ಪ್ರಶ್ನಿಸುವ ಅವಕಾಶವನ್ನೇ ಹಿರಿಯರು ಕೊಡಲಿಲ್ಲ. ಯಾರಾದರೂ ದೊಡ್ಡ ಮಾತುಗಳಿಂದ ನಮ್ಮ ನಿಷ್ಠೆಯನ್ನು ಬೇಡಿದಾಗ ನಾವು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇಲ್ಲಿ ಒಲ್ಲೆನೆನ್ನುವುದಕ್ಕೆ ಎಡೆಯುಂಟೆ? ಇದರ ಬೆಲೆಯನ್ನು ತೆರುವವರು ಯಾರು? ತರಗತಿಯಲ್ಲಿ ಕುಳಿತು ಓದುವ ಈ ವಯಸ್ಸೇ ಇಂಥ ಪ್ರಶ್ನೆಗಳನ್ನು ಕಲಿಯುವುದಕ್ಕೆ ತಕ್ಕ ವಯಸ್ಸು.